ಮೂಲಪ್ರತಿಯೂ ಲಿಪಿಕಾರನೂ

ಒಂದು ನಾಡಿನ ಸಾಹಿತ್ಯಚರಿತ್ರೆಯನ್ನು ಬರೆಯುವವರು ಕವಿಗಳ ಕಾಲದೇಶಗಳನ್ನು ನಿರ್ಣಯಿಸುವುದರಲ್ಲಿ ಬಹಳ ಶ್ರಮಪಡುವರು. ಅದು ಯುಕ್ತವೇ ಸರಿ. ಆದರೆ ಆ ನಾಡಿನವರು ಯಾವ ಸಾಧನದಿಂದ ಬರೆಯುತ್ತಿದ್ದರು, ಆ ಸಾಧನವನ್ನು ಯಾರು ನಿರ್ಮಿಸುತ್ತಿದ್ದರು, ಅದು ಕೆಟ್ಟಲ್ಲಿ ಸರಿಪಡಿಸುವ ವಿದ್ಯೆ ಯಾರಲ್ಲಿತ್ತು ಎಂಬ ವಿಚಾರವು ಬಹುಮಟ್ಟಿಗೆ ಉಪೇಕ್ಷಿತವಾಗಿಯೇ ಉಳಿದಿದೆ. ಗ್ರಂಥದ ಆಯುಸ್ಸು ಕವಿಯ ಪ್ರತಿಭೆಯನ್ನು ಮಾತ್ರ ಅವಲಂಬಿಸಿರುವುದಲ್ಲ. ಮೂಲಪ್ರತಿಯು ಯಾರ ಕೈಯಲ್ಲಿದೆ, ಅದರಿಂದ ಹೊಸ ಪ್ರತಿಯನ್ನು ತೆಗೆಯಬಲ್ಲವರು ಎಷ್ಟು ಮಂದಿ ಇದ್ದಾರೆ ಎಂಬುದನ್ನೂ ಅವಲಂಬಿಸಿದೆ. ಈ ಮಾತು ಓಲೆಗರಿಗೆ ಎಷ್ಟು ಸಲ್ಲುವುದೋ, ಇಂದು ಗಣಕಯಂತ್ರದಲ್ಲಿ ಬರೆಯಲು ಉಪಯೋಗಿಸುವ ‘ಪಠ್ಯಸಂಪಾದಕ’ವೆಂಬ ತಂತ್ರಾಂಶಕ್ಕೂ ಅಷ್ಟೇ ಸಲ್ಲುವುದು. ಇದನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಸೀಮೆಯ ಚರಿತ್ರೆಯಿಂದಲೇ ವಿಶದಪಡಿಸುವುದು ಈ ಲೇಖನದ ಉದ್ದೇಶ.

1. ಓಲೆಯ ಕಾಲ

ಈ ಸೀಮೆಯು ಓಲೆಗ್ರಂಥಗಳಿಗೆ ತವರುಮನೆಯಂತಿರುವುದು. ಮೂಡುಬಿದಿರೆಯ ಜೈನಮಠದ ಮತ್ತು ಬಸದಿಗಳ ಭಂಡಾರಗಳು ಲೋಕವಿಖ್ಯಾತವಾದುವು, ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಸಿದ್ಧಪಡಿಸಿದ ಕನ್ನಡಪ್ರಾಂತದ ತಾಡಪತ್ರಗ್ರಂಥಗಳ ಸೂಚಿಯು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠದಿಂದ ಪ್ರಕಟವಾದುದು ವಾಚಕರಿಗೆ ವಿದಿತವೇ ಇದೆ. ಬೆಳ್ತಂಗಡಿ ತಾಲೂಕಿನ ಧರ್ಮಸ್ಥಳದಲ್ಲಿ ಶ್ರೀ ಮಂಜುನಾಥೇಶ್ವರ ಸಂಸ್ಕೃತಿ ಸಂಶೋಧನ ಪ್ರತಿಷ್ಠಾನವು ಊರೂರುಗಳಿಂದ ಬಂದ ಓಲೆಯ ಕಟ್ಟುಗಳನ್ನು ಸಂಗ್ರಹಿಸಿ ರಕ್ಷಿಸಿದೆ. ಬಂಟ್ವಾಳದ ಸುತ್ತಣ ವೈದಿಕರ ಮನೆಗಳಲ್ಲಿಯೂ ತಿಗಳಾರಿಯೆಂದೂ ತುಳುವೆಂದೂ ಕರೆಯಲ್ಪಡುವ ಲಿಪಿಯ ಮಂತ್ರ, ಪ್ರಯೋಗ, ಜ್ಯೋತಿಷಗಳ ಓಲೆಗಳು ಅಟ್ಟದ ಪೆಟ್ಟಿಗೆಗಳಲ್ಲಿ ಉಳಿದುಬಂದಿವೆ.

ಆ ಕಾಲದ ಲಿಪಿಕಾರನು ಕೇವಲ ಬರೆಯುವವನಾಗಿರಲಿಲ್ಲ. ಶ್ರೀತಾಳದ ಗರಿಯನ್ನು ಆಯ್ದು, ಬೇಯಿಸಿ, ನೆರಳಿನಲ್ಲಿ ಒಣಗಿಸಿ, ಉಜ್ಜಿ ನಯಮಾಡಿ, ಒಂದೇ ಅಳತೆಗೆ ಕತ್ತರಿಸಿ, ದಾರಕ್ಕೆ ತೂತಿಟ್ಟು, ಕಂಟದಿಂದ ಕೊರೆದು, ಕಾಡಿಗೆಯನ್ನು ಪೂಸಿ ಒರಸಿದಲ್ಲದೆ ಅಕ್ಷರವು ಕಣ್ಣಿಗೆ ಕಾಣಿಸುತ್ತಿರಲಿಲ್ಲ. ಇವುಗಳಲ್ಲಿ ಒಂದು ಕೆಲಸವೂ ಅವನಿಗೆ ಅಥವಾ ಅವನ ನೆರೆಯವರಿಗೆ ತಿಳಿಯದುದಾಗಿರಲಿಲ್ಲ. ಕಂಟವು ಮೊಂಡಾದರೆ ಊರಿನ ಕಮ್ಮಾರನಿದ್ದನು. ಓಲೆಯು ಜೀರ್ಣವಾದರೆ ಹಿತ್ತಿಲಿನ ಮರವಿದ್ದಿತು. ಬರೆಹದ ಸಾಧನವು ಆದ್ಯಂತವಾಗಿ ಬರೆಯುವವರ ಸಮಾಜದ ಕೈಯಲ್ಲಿಯೇ ಇದ್ದಿತೆಂಬುದು ಇಲ್ಲಿ ಗಮನಿಸತಕ್ಕ ಮುಖ್ಯಾಂಶ.

2. ಧವಲದ ಪ್ರತಿಗಳು

ಸಾಧನವು ಕೈಯಲ್ಲಿದ್ದರೂ ಮೂಲಪ್ರತಿಯು ಮುಚ್ಚಿಹೋದರೆ ಏನಾಗುವುದೆಂಬುದಕ್ಕೆ ಮೂಡುಬಿದಿರೆಯ ಸಿದ್ಧಾಂತಗ್ರಂಥಗಳೇ ನಿದರ್ಶನ. ಪುಷ್ಪದಂತ-ಭೂತಬಲಿಗಳ ‘ಷಟ್ಖಂಡಾಗಮ’ಕ್ಕೆ ವೀರಸೇನಾಚಾರ್ಯರು 816ರಲ್ಲಿ ಮುಗಿಸಿದ ‘ಧವಲಾ’ ಟೀಕೆಯೂ, ವೀರಸೇನ-ಜಿನಸೇನರಿಂದ 837ರಲ್ಲಿ ಪೂರ್ಣಗೊಂಡ ‘ಜಯಧವಲಾ’ ಟೀಕೆಯೂ ಹಳಗನ್ನಡ ಲಿಪಿಯ ಓಲೆಗಳಲ್ಲಿ ಮೂಡುಬಿದಿರೆಯ ಸಿದ್ಧಾಂತ ಬಸದಿಯಲ್ಲಿ ಮಾತ್ರ ಉಳಿದಿದ್ದುವು. ಯಾತ್ರಿಕರು ಅವುಗಳಿಗೆ ದೂರದಿಂದ ಕೈಮುಗಿದು ಹೋಗುತ್ತಿದ್ದರು, ಓದುವವರಿರಲಿಲ್ಲ. ಶತಮಾನಗಳ ಪರ್ಯಂತ ಜೈನಸಿದ್ಧಾಂತದ ಪರಮಪ್ರಮಾಣವು ದರ್ಶನಕ್ಕೆ ಮಾತ್ರ ದೊರೆತು, ಅಧ್ಯಯನಕ್ಕೆ ದೊರೆಯದೆ ಹೋಯಿತು. ಓಲೆಯಾದರೋ ಹುಳಕ್ಕೂ ತೇವಕ್ಕೂ ತುತ್ತಾಗುವ ವಸ್ತು.

19ನೆಯ ಶತಮಾನದ ಅಂತ್ಯಭಾಗದಲ್ಲಿ ಸೊಲ್ಲಾಪುರ, ಮುಂಬಯಿಗಳ ಶ್ರಾವಕಶ್ರೇಷ್ಠರು ಈ ಅಪಾಯವನ್ನು ಕಂಡು ಧನವನ್ನು ಕೂಡಿಸಿದರು. 1896ರಲ್ಲಿ ಬ್ರಹ್ಮಸೂರಿ ಶಾಸ್ತ್ರಿ, ಗಜಪತಿ ಶಾಸ್ತ್ರಿಗಳೆಂಬ ಪಂಡಿತರಿಂದ ಪ್ರತಿಲೇಖನವು ಆರಂಭವಾಗಿ, ಎರಡು ದಶಕಗಳಿಗೂ ಮಿಕ್ಕಿ ನಡೆಯಿತು. ಪ್ರತಿಗಳನ್ನು ಮೂಡುಬಿದಿರೆಯಿಂದ ಹೊರಗೆ ಒಯ್ಯಕೂಡದೆಂಬ ನಿರ್ಬಂಧವಿದ್ದಿತು. ಹೀಗಿರಲು ಗಜಪತಿ ಶಾಸ್ತ್ರಿಗಳು ತಮ್ಮ ಪತ್ನಿಯ ಸಹಾಯದಿಂದ ಗುಪ್ತವಾಗಿ ಇನ್ನೊಂದು ಪ್ರತಿಯನ್ನು ಕನ್ನಡ ಲಿಪಿಯಲ್ಲಿ ಬರೆದುಕೊಂಡರು. ಅದು ಸಹಾರನಪುರವನ್ನು ಸೇರಿ, ಅಲ್ಲಿ ನಾಗರಿಗೆ ತಿರುಗಿ, ಆ ನಾಗರೀಪ್ರತಿಯ ನಕಲುಗಳು ಉತ್ತರದೇಶದ ಹಲವು ಭಂಡಾರಗಳಿಗೆ ಹರಡಿದುವು. ಅವರ ಕಾರ್ಯವು ಧರ್ಮವೇ ಅಧರ್ಮವೇ ಎಂಬ ಚರ್ಚೆಯು ಬಹುಕಾಲ ನಡೆಯಿತು. ಆದರೆ 1939ರಲ್ಲಿ ಪ್ರೊಫೆಸರ್ ಹೀರಾಲಾಲ ಜೈನರು ಅಮರಾವತಿಯಿಂದ ‘ಷಟ್ಖಂಡಾಗಮ’ದ ಪ್ರಥಮ ಸಂಪುಟವನ್ನು ಪ್ರಕಟಿಸಿದಾಗ ಅವರಿಗೆ ಆಧಾರವಾದುವು ಈ ನಕಲಿನ ನಕಲುಗಳೇ.

ನಕಲುಗಳಿಂದ ಗ್ರಂಥವು ಬದುಕಿತು; ಆದರೆ ದೋಷಗಳೂ ಸೇರಿದುವು. ಮೊದಲ ಸಂಪುಟದ 93ನೆಯ ಸೂತ್ರದಲ್ಲಿ ‘ಸಂಜದ’ (ಸಂಯತ) ಎಂಬ ಪ್ರಾಕೃತಶಬ್ದವೊಂದು ಬಿಟ್ಟುಹೋಗಿರಬೇಕೆಂದು ಸಂಪಾದಕರು ಅರ್ಥಸಂಗತಿಯಿಂದ ಊಹಿಸಿದರು. ಆ ಒಂದು ಶಬ್ದವು ಇರುವುದೂ ಇಲ್ಲದಿರುವುದೂ ಸಿದ್ಧಾಂತದಲ್ಲಿ ಮಹದಂತರವನ್ನುಂಟುಮಾಡುವಂತಹದಾದುದರಿಂದ ಪಂಡಿತರಲ್ಲಿ ತೀವ್ರವಾದ ವಿವಾದವೆದ್ದಿತು. ಅಷ್ಟರಲ್ಲಿ ಮೂಡುಬಿದಿರೆಯವರು ಉದಾರಮನಸ್ಸಿನಿಂದ ಮೂಲದೊಡನೆ ತಾಳೆನೋಡಲು ಅನುಮತಿಯನ್ನಿತ್ತಿದ್ದರು. ಓಲೆಯನ್ನು ನೋಡಲಾಗಿ ಆ ಶಬ್ದವು ಅಲ್ಲಿ ಇದ್ದೇ ಇದ್ದಿತು. ತರ್ಕದಿಂದ ಮುಗಿಯದ ವಿವಾದವು ಮೂಲದರ್ಶನದಿಂದ ಮುಗಿಯಿತು. ಪ್ರತಿಯನ್ನು ತೆಗೆಯುವ ಸ್ವಾತಂತ್ರ್ಯ, ಮೂಲದೊಡನೆ ಒರೆಹಚ್ಚಿ ನೋಡುವ ಸ್ವಾತಂತ್ರ್ಯ — ಇವೆರಡೂ ಕೂಡಿದಲ್ಲಿ ಮಾತ್ರ ಗ್ರಂಥವು ಶುದ್ಧವಾಗಿ ಬಾಳುವುದೆಂಬುದು ಇದರಿಂದ ಸಿದ್ಧವಾಗುವುದು.

3. ಅಚ್ಚಿನ ಕಾಲ

ಮುದ್ರಣವು ಬಂದ ಮೇಲೆ ಸಾಧನವು ಲಿಪಿಕಾರನ ಕೈಯಿಂದ ಕಾರ್ಖಾನೆಗೆ ಹೋಯಿತು. 1841ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಕಲ್ಲಚ್ಚನ್ನು ಸ್ಥಾಪಿಸಿದರು, 1843ರಲ್ಲಿ ‘ಮಂಗಳೂರ ಸಮಾಚಾರ’ವು ಹೊರಟಿತು, 1894ರಲ್ಲಿ ಕಿಟ್ಟೆಲರ ನಿಘಂಟು ಅಲ್ಲಿಯೇ ಅಚ್ಚಾಯಿತು. 1874ರಲ್ಲಿ ಬಂಟ್ವಾಳದಲ್ಲಿ ಜನಿಸಿದ ಪಂಜೆ ಮಂಗೇಶರಾಯರು ಮಕ್ಕಳ ನಾಲಗೆಯ ಮೇಲೆ ಕನ್ನಡವನ್ನು ನೆಲೆಗೊಳಿಸಿದುದು ಅಚ್ಚಿನ ಬಲದಿಂದಲೇ. ಅಚ್ಚುಮೊಳೆಯನ್ನು ಎರಕಹೊಯ್ಯುವ ವಿದ್ಯೆ ಕೆಲವರಲ್ಲಿಯೇ ಉಳಿಯಿತಾದರೂ, ಅಚ್ಚಾದ ಪುಸ್ತಕವನ್ನು ಓದಲು ಯಾರ ಅಪ್ಪಣೆಯೂ ಬೇಕಾಗಿರಲಿಲ್ಲ. ಗಣಕದ ಕಾಲದಲ್ಲಿ ಈ ಸೌಕರ್ಯಕ್ಕೂ ಭಂಗವುಂಟಾಯಿತು.

4. ಗಣಕದ ಕಂಟ

ಗಣಕಯಂತ್ರದಲ್ಲಿ ಅಕ್ಷರಗಳನ್ನು ಬರೆಯುವುದಕ್ಕೂ ತಿದ್ದುವುದಕ್ಕೂ ಉಳಿಸಿಡುವುದಕ್ಕೂ ಇರುವ ತಂತ್ರಾಂಶವೇ ಪಠ್ಯಸಂಪಾದಕ. ಇದು ಎರಡು ರೂಪಗಳಲ್ಲಿರುವುದು. ತಜ್ಞರು ಮನುಷ್ಯರಿಗೆ ಓದಲು ಬರುವ ಕೃತಕಭಾಷೆಯೊಂದರಲ್ಲಿ ಬರೆದುದು ಮೂಲಸಂಕೇತ. ಅದನ್ನು ‘ಕಂಪೈಲರ್’ ಎಂಬ ಇನ್ನೊಂದು ತಂತ್ರಾಂಶವು ಯಂತ್ರಕ್ಕೆ ಮಾತ್ರ ತಿಳಿಯುವ ಸೊನ್ನೆ-ಒಂದುಗಳ ಸಾಲಾಗಿ ಪರಿವರ್ತಿಸಿದುದು ಯಂತ್ರರೂಪ. ಅಂಗಡಿಯಲ್ಲಿ ದೊರೆಯುವ ತಂತ್ರಾಂಶವು ಸಾಮಾನ್ಯವಾಗಿ ಯಂತ್ರರೂಪದ್ದು. ಅದನ್ನು ಉಪಯೋಗಿಸಬಹುದು, ಆದರೆ ಒಳಗೇನಿದೆಯೆಂದು ಓದಲಾಗದು, ತಪ್ಪನ್ನು ತಿದ್ದಲಾಗದು. ಮೂಲಸಂಕೇತವು ದೊರೆತರೆ ಓದಬಹುದು, ತಿದ್ದಬಹುದು, ಮತ್ತೆ ಕಟ್ಟಬಹುದು. ಸಿದ್ಧಾಂತ ಬಸದಿಯ ಓಲೆಗೆ ಕೈಮುಗಿಯುವುದಕ್ಕೂ ಅದನ್ನು ಓದುವುದಕ್ಕೂ ಇರುವ ಭೇದವೇ ಇದು.

ಈ ಭೇದವನ್ನು ಲೋಕಕ್ಕೆ ಸ್ಪಷ್ಟಪಡಿಸಿದವರು ಅಮೇರಿಕದ ರಿಚರ್ಡ್ ಸ್ಟಾಲ್‌ಮನ್ ಎಂಬವರು. ಅವರಿದ್ದ ಮೆಸಾಚುಸೆಟ್ಸ್ ವಿದ್ಯಾಸಂಸ್ಥೆಯ ಪ್ರಯೋಗಶಾಲೆಗೆ ಬಂದ ಮುದ್ರಣಯಂತ್ರವೊಂದು ಆಗಾಗ ಕಾಗದವನ್ನು ಕಚ್ಚಿಕೊಂಡು ನಿಲ್ಲುತ್ತಿದ್ದಿತು. ಅದರ ತಂತ್ರಾಂಶವನ್ನು ತಿದ್ದಿಕೊಳ್ಳೋಣವೆಂದರೆ ಮೂಲಸಂಕೇತವು ದೊರೆಯಲಿಲ್ಲ. ಅದನ್ನು ಬಲ್ಲವರು ಕೊಡುವುದಿಲ್ಲವೆಂದು ವಚನಬದ್ಧರಾಗಿದ್ದರು. ವಿದ್ಯೆಯನ್ನು ಹೀಗೆ ಬಚ್ಚಿಡುವುದು ಸಮಾಜದ್ರೋಹವೆಂದು ಬಗೆದು ಅವರು ಗ್ನೂ ಎಂಬ ಮಹಾಯೋಜನೆಯನ್ನು ತೊಡಗಿ, 1985ರಲ್ಲಿ ‘ಗ್ನೂ ಈಮ್ಯಾಕ್ಸ್’ ಎಂಬ ಪಠ್ಯಸಂಪಾದಕವನ್ನು ಮೂಲಸಂಕೇತಸಹಿತವಾಗಿ ಲೋಕಾರ್ಪಣಮಾಡಿದರು. ಓದಲು, ತಿದ್ದಲು, ಹಂಚಲು ಎಲ್ಲರಿಗೂ ಅಧಿಕಾರವುಂಟು, ಆದರೆ ತಿದ್ದಿ ಹಂಚುವವನು ಅದೇ ಅಧಿಕಾರವನ್ನು ಮುಂದಿನವರಿಗೂ ಕೊಡತಕ್ಕುದೆಂಬ ಅನುಮತಿಪತ್ರವು 1989ರಲ್ಲಿ ಸಿದ್ಧವಾಯಿತು. 1991ರಲ್ಲಿ ಹಾಲೆಂಡಿನ ಬ್ರಾಮ್ ಮೂಲೆನಾರರು ‘ವಿಮ್’ ಎಂಬ ಇನ್ನೊಂದು ಸಂಪಾದಕವನ್ನು ಮೂಲಸಹಿತವಾಗಿ ನೀಡಿದರು. ಅವರು 2023ರಲ್ಲಿ ತೀರಿಕೊಂಡರೂ ವಿಮ್ ನಿಲ್ಲಲಿಲ್ಲ. ಮೂಲವು ಅನೇಕರ ಕೈಯಲ್ಲಿದ್ದುದರಿಂದ ಬೇರೆಯವರು ಮುಂದುವರಿಸಿದರು.

5. ಮೂಲದಿಂದ ಕಟ್ಟುವ ಕ್ರಮ

ಮೂಲಸಂಕೇತದಿಂದ ಸಂಪಾದಕವನ್ನು ಕಟ್ಟುವ ವಿಧಾನವು ಕೇಳಿದವರು ಹೆದರುವಷ್ಟು ಕಠಿನವಲ್ಲ; ಲಿಪಿಕಾರನ ಕ್ರಮವನ್ನೇ ಹೋಲುವುದು. ಈಮ್ಯಾಕ್ಸನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು.

ಮೊದಲನೆಯದು ಮೂಲಪ್ರತಿಯ ಸಂಪಾದನೆ. ಮೂಲಸಂಕೇತವು ಒಂದು ಕಟ್ಟಾಗಿ ದೊರೆಯುವುದು. ಅದರೊಂದಿಗೆ ಪ್ರಕಾಶಕರ ಗಣಿತಾತ್ಮಕವಾದ ಮುದ್ರೆಯೂ ಬರುವುದು. ನಡುದಾರಿಯಲ್ಲಿ ಯಾರೂ ಪ್ರಕ್ಷೇಪವನ್ನು ಸೇರಿಸಿಲ್ಲವೆಂದು ಆ ಮುದ್ರೆಯಿಂದ ಪರೀಕ್ಷಿಸಿಕೊಳ್ಳಬೇಕು. ಅನಂತರ ಕಟ್ಟನ್ನು ಬಿಚ್ಚಿದರೆ ಅದರಲ್ಲಿ ‘ರೀಡ್‌ಮಿ’, ‘ಇನ್‌ಸ್ಟಾಲ್’ ಎಂಬ ಓಲೆಗಳಿರುವುವು. ಗ್ರಂಥದ ಉಪೋದ್ಘಾತವನ್ನು ಓದದೆ ಗ್ರಂಥಕ್ಕೆ ಕೈಯಿಕ್ಕುವವನಂತೆ, ಇವನ್ನು ಓದದೆ ಮುಂದುವರಿಯುವವನು ದಾರಿತಪ್ಪುವನು.

ಎರಡನೆಯದು ಸಾಮಗ್ರಿಯ ಪರೀಕ್ಷೆ. ‘ಕಾನ್ಫಿಗರ್’ ಎಂಬ ಆಜ್ಞೆಯನ್ನಿತ್ತರೆ ಅದು ಗಣಕದಲ್ಲಿ ಕಂಪೈಲರ್ ಇದೆಯೇ, ಬೇಕಾದ ಸಹಾಯಕ ತಂತ್ರಾಂಶಗಳಿವೆಯೇ ಎಂದು ಒಂದೊಂದಾಗಿ ವಿಚಾರಿಸಿ, ಕೊನೆಗೆ ಉಂಟು-ಇಲ್ಲಗಳ ಪಟ್ಟಿಯನ್ನು ಕೊಡುವುದು. ಕನ್ನಡಿಗನು ಈ ಪಟ್ಟಿಯಲ್ಲಿ ‘ಹಾರ್ಫ್‌ಬಜ್’ ಎಂಬ ಹೆಸರಿನ ಮುಂದೆ ‘ಉಂಟು’ ಎಂದಿದೆಯೇ ಎಂದು ಅವಶ್ಯವಾಗಿ ನೋಡತಕ್ಕುದು. ಅಕ್ಷರಗಳನ್ನು ಜೋಡಿಸಿ ಒತ್ತು, ಕೊಂಬು, ಇಳಿಗಳನ್ನು ಅವುಗಳ ಸ್ಥಾನದಲ್ಲಿ ಕೂಡಿಸುವ ತಂತ್ರಾಂಶವಿದು. 2020ರ 27ನೆಯ ಆವೃತ್ತಿಯಿಂದ ಈಮ್ಯಾಕ್ಸ್ ಈ ಕೆಲಸಕ್ಕೆ ಇದನ್ನೇ ಮೊದಲಾಗಿ ಆಶ್ರಯಿಸುತ್ತದೆ. ಅಕ್ಷರಜೋಡಣೆಯ ಇಂತಹ ಸಹಾಯವಿಲ್ಲದೆ ಕಟ್ಟಿದ ಸಂಪಾದಕದಲ್ಲಿ ಇಂಗ್ಲಿಷು ಅಚ್ಚುಕಟ್ಟಾಗಿ ಕಾಣುವುದು, ಕನ್ನಡವು ಮುರಿದ ಅಕ್ಷರಗಳಾಗಿ ಚದರಿ ಬೀಳುವುದು. ಅನ್ಯರು ಕಟ್ಟಿಕೊಟ್ಟುದನ್ನು ಮಾತ್ರ ಬಳಸುವವನು ಆಗ ಕನ್ನಡವೇ ಗಣಕಕ್ಕೆ ಒಗ್ಗದ ಭಾಷೆಯೆಂದು ನೊಂದುಕೊಳ್ಳುವನು. ತಾನೇ ಕಟ್ಟಿದವನು ಒಂದು ಸಾಮಗ್ರಿಯು ಕೊರತೆಯಾಯಿತೆಂದು ತಿಳಿದು ಅದನ್ನು ತಂದು ಸೇರಿಸುವನು.

ಮೂರನೆಯದು ನಿರ್ಮಾಣ. ‘ಮೇಕ್’ ಎಂಬ ಆಜ್ಞೆಯು ಯಾವ ಭಾಗವು ಯಾವುದನ್ನು ಅವಲಂಬಿಸಿದೆಯೆಂದು ನೋಡಿ ಕ್ರಮವಾಗಿ ಕಂಪೈಲರಿಗೆ ಒಪ್ಪಿಸುವುದು. 1976ರಲ್ಲಿ ಬೆಲ್ ಪ್ರಯೋಗಾಲಯದ ಸ್ಟೂವರ್ಟ್ ಫೆಲ್ಡ್‌ಮನ್ ರಚಿಸಿದ ಉಪಕರಣವಿದು. ಒಂದು ಭಾಗವನ್ನು ತಿದ್ದಿದರೆ ಅದಕ್ಕೆ ಸಂಬಂಧಪಟ್ಟುದನ್ನು ಮಾತ್ರ ಪುನಃ ಕಟ್ಟುವ ಜಾಣ್ಮೆ ಇದಕ್ಕುಂಟು. ಈಮ್ಯಾಕ್ಸಿನಲ್ಲಿ ಮೊದಲು ‘ಟೀಮ್ಯಾಕ್ಸ್’ ಎಂಬ ಬರಿಯ ಅಸ್ಥಿಪಂಜರವು ಹುಟ್ಟುವುದು. ಅದು ಲಿಸ್ಪ್ ಭಾಷೆಯಲ್ಲಿರುವ ಪಾಠಗಳನ್ನು ಓದಿಕೊಂಡು, ಓದಿದುದನ್ನು ನೆನಪಿನಲ್ಲಿರಿಸಿ, ಪೂರ್ಣವಾದ ಸಂಪಾದಕವಾಗಿ ಏಳುವುದು. ಅಕ್ಷರಾಭ್ಯಾಸದಿಂದ ತೊಡಗಿ ಶಾಸ್ತ್ರಿಯಾಗುವವನ ಕ್ರಮವನ್ನು ಯಂತ್ರವೂ ಅನುಸರಿಸುವುದು ಸ್ವಾರಸ್ಯವಾಗಿದೆ.

ನಾಲ್ಕನೆಯದು ಪರೀಕ್ಷೆ. ನೆಲೆಗೊಳಿಸುವ ಮೊದಲೇ, ಕಟ್ಟಿದ ಸ್ಥಳದಲ್ಲಿಯೇ ಅದನ್ನು ಓಡಿಸಿ ನೋಡಬಹುದು. ಈಮ್ಯಾಕ್ಸಿನೊಂದಿಗೆ ‘ಹಲೋ’ ಎಂಬ ಕಡತವೊಂದು ಬರುವುದು. ಅದರಲ್ಲಿ ಲೋಕದ ಅನೇಕ ಭಾಷೆಗಳ ವಂದನವಚನಗಳಿವೆ. ಅವುಗಳ ನಡುವೆ ಕನ್ನಡದ ‘ನಮಸ್ಕಾರ’ವೂ ಇದೆ. ಆ ಶಬ್ದದಲ್ಲಿ ಸಕಾರಕ್ಕೆ ಕಕಾರದ ಒತ್ತು ಸರಿಯಾಗಿ ಕುಳಿತಿದ್ದರೆ ಕಟ್ಟಿದ ಕೆಲಸವು ಸಾರ್ಥಕ.

ಐದನೆಯದು ಸ್ಥಾಪನೆ. ‘ಮೇಕ್ ಇನ್‌ಸ್ಟಾಲ್’ ಎಂಬ ಆಜ್ಞೆಯು ಸಿದ್ಧವಾದ ಭಾಗಗಳನ್ನು ಅವುಗಳಿಗೆ ನಿಯತವಾದ ಸ್ಥಾನಗಳಲ್ಲಿ ಇರಿಸುವುದು. ಗಣಕಕ್ಕೆ ಒಡೆಯನಲ್ಲದ ವಿದ್ಯಾರ್ಥಿಯೂ, ಎರಡನೆಯ ಹಂತದಲ್ಲಿಯೇ ತನ್ನ ಸ್ವಂತ ಕೋಶವನ್ನು ಸ್ಥಾನವಾಗಿ ಸೂಚಿಸಿದ್ದರೆ, ಯಾರ ಅಪ್ಪಣೆಯೂ ಇಲ್ಲದೆ ತನಗಾಗಿ ಸ್ಥಾಪಿಸಿಕೊಳ್ಳಬಲ್ಲನು.

6. ಕನ್ನಡಕ್ಕಾದ ನಷ್ಟ

ಕನ್ನಡವು ಗಣಕಕ್ಕೆ ಬಂದ ಚರಿತ್ರೆಯಲ್ಲಿ ಈ ಸೀಮೆಯ ಪಾಲು ಅಲ್ಪವಲ್ಲ. ಮಂಗಳೂರಿನಿಂದ ಮೂಡುಬಿದಿರೆಗೆ ಹೋಗುವ ದಾರಿಯಲ್ಲಿ, ಗುರುಪುರ ಕೈಕಂಬದ ಬಳಿಯ ಕಿನ್ನಿಕಂಬಳದಲ್ಲಿ 1940ರಲ್ಲಿ ಜನಿಸಿದ ಪದ್ಮನಾಭ ರಾಯರು, ಕೆ. ಪಿ. ರಾವ್ ಎಂದೇ ಪ್ರಸಿದ್ಧರಾದವರು, ಇಂಗ್ಲಿಷ್ ಕೀಲಿಮಣೆಯ 26 ಕೀಲಿಗಳಲ್ಲಿಯೇ ಸಮಸ್ತ ಕನ್ನಡ ವರ್ಣಮಾಲೆಯನ್ನು ಉಚ್ಚಾರಕ್ರಮದಿಂದ ಅಳವಡಿಸಿದರು. ಅಲ್ಪಪ್ರಾಣವು ಸಹಜವಾಗಿಯೂ ಮಹಾಪ್ರಾಣವು ‘ಶಿಫ್ಟ್’ ಒತ್ತಿದಾಗಲೂ ಬರುವಂತೆ, ಒಂದು ಕೀಲಿಯು ಹಲಂತವಾಗಿ ಎಲ್ಲ ಸಂಯುಕ್ತಾಕ್ಷರಗಳನ್ನೂ ಬೆಸೆಯುವಂತೆ ಅವರು ಮಾಡಿದ ಏರ್ಪಾಡು ವ್ಯಾಕರಣಶಾಸ್ತ್ರಕ್ಕೆ ಒಪ್ಪುವಂತಹದು. ಈ ಕ್ರಮದಿಂದ ಬರೆಯುವ ತಂತ್ರಾಂಶಕ್ಕೆ ಅವರು ದಕ್ಷಿಣ ಕನ್ನಡದ ಮಹಾವಿದ್ವಾಂಸರೂ ಛಂದಶ್ಶಾಸ್ತ್ರಜ್ಞರೂ ಆದ ಸೇಡಿಯಾಪು ಕೃಷ್ಣಭಟ್ಟರ ಹೆಸರನ್ನಿಟ್ಟು ‘ಸೇಡಿಯಾಪು’ ಎಂದು ಕರೆದು, ಉಚಿತವಾಗಿ ಹಂಚಿದರು. ಕೀಲಿಮಣೆಯ ಮೇಲೆ ಯಾವ ಸ್ವಾಮ್ಯವನ್ನೂ ಕಾದಿರಿಸಿಕೊಳ್ಳದೆ ಬಿಟ್ಟುದರಿಂದಲೇ ಅದು ಮುಂದೆ ಕರ್ನಾಟಕ ಸರಕಾರದ ಶಿಷ್ಟ ಕೀಲಿಮಣೆಗೆ ಆಧಾರವಾಯಿತು.

ಆದರೆ ಅಕ್ಷರಸಂಕೇತದ ವಿಷಯದಲ್ಲಿ ಇಂತಹ ಔದಾರ್ಯವು ಎಲ್ಲೆಡೆ ನಡೆಯಲಿಲ್ಲ. ಒಂದು ಬೈಟಿನಲ್ಲಿ 256 ಸ್ಥಾನಗಳು ಮಾತ್ರ. ಅವುಗಳಲ್ಲಿ ಅರ್ಧವು ಇಂಗ್ಲಿಷಿಗೆ ಮೀಸಲಾಗಿದ್ದಿತು. ಕನ್ನಡದ ತಂತ್ರಾಂಶಗಳು ಅಕ್ಷರಗಳನ್ನು ತಲೆಕಟ್ಟು, ಕೊಂಬು, ಒತ್ತುಗಳೆಂದು ತುಂಡರಿಸಿ ತಮ್ಮ ತಮ್ಮ ಇಚ್ಛೆಗೆ ಬಂದ ಸ್ಥಾನಗಳಲ್ಲಿ ತುಂಬಿದುವು. ಒಂದು ತಂತ್ರಾಂಶದ ‘ಕ’ವು ಇನ್ನೊಂದರಲ್ಲಿ ಬೇರೇನೋ ಆಗುತ್ತಿದ್ದಿತು. ಭಾರತೀಯ ಲಿಪಿಗಳಿಗೆಲ್ಲ ಸಮಾನವಾದ ಇಸ್ಕಿ ಸಂಕೇತವು 1991ರಲ್ಲಿ ಶಿಷ್ಟವೆನಿಸಿದರೂ ಮುದ್ರಣಾಲಯಗಳು ಬಹುವಾಗಿ ತಮ್ಮ ತಮ್ಮ ಫಾಂಟುಗಳನ್ನೇ ನೆಚ್ಚಿಕೊಂಡಿದ್ದುವು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’, ಅನಂತರ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂದು ಸಾಮಾನ್ಯರಿಗೂ ಕನ್ನಡದಲ್ಲಿ ಬರೆಯುವ ಸೌಭಾಗ್ಯವನ್ನು ಒದಗಿಸಿದುವು. ಈ ಉಪಕಾರವು ಮರೆಯತಕ್ಕುದಲ್ಲ. ಆದರೆ ಆ ಕಾಲಾವಧಿಯಲ್ಲಿ ಬೇರೆ ಬೇರೆ ತಂತ್ರಾಂಶಗಳಿಂದ ಬರೆದ ಪ್ರಬಂಧಗಳು, ಸ್ಮರಣಸಂಚಿಕೆಗಳು, ಯಕ್ಷಗಾನಪ್ರಸಂಗಗಳ ಕಡತಗಳು ಇಂದು ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ರಾಶಿಯಾಗಿ ಕಾಣುವುವು. ಆ ತಂತ್ರಾಂಶದ ಮೂಲಸಂಕೇತವೂ ಇಲ್ಲ, ಯಾವ ಸ್ಥಾನದಲ್ಲಿ ಯಾವ ತುಂಡಿತ್ತೆಂಬ ಪಟ್ಟಿಯೂ ಇಲ್ಲವೆಂದಾದರೆ ಅವನ್ನು ಓದುವುದು ಶಿಲಾಶಾಸನವನ್ನು ಓದುವುದಕ್ಕಿಂತಲೂ ಕಷ್ಟ. ಎಂಟು ನೂರು ವರ್ಷದ ಓಲೆಯನ್ನು ಓದಬಲ್ಲವರಿರುವಾಗ, ಇಪ್ಪತ್ತೈದು ವರ್ಷದ ಹಿಂದಿನ ಕಡತವನ್ನು ಓದಲಾಗದ ಸ್ಥಿತಿಯು ಬಂದುದು ಯೋಚಿಸತಕ್ಕ ವಿಷಯ.

ಇದಕ್ಕೆ ಪರಿಹಾರವಾಗಿ ಬಂದುದು ಯುನಿಕೋಡ್. 1991ರ ಪ್ರಥಮ ಆವೃತ್ತಿಯಲ್ಲಿಯೇ ಕನ್ನಡಕ್ಕೆ 128 ಸ್ಥಾನಗಳು ಮೀಸಲಾದುವು. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಅದಕ್ಕೆ ತಕ್ಕ ಕನ್ನಡ ಫಾಂಟು ಬಂದಿತು. 2012ರಲ್ಲಿ ಕರ್ನಾಟಕ ಸರಕಾರವೂ ಯುನಿಕೋಡನ್ನು ಶಿಷ್ಟವಾಗಿ ಅಂಗೀಕರಿಸಿತು. ಇದರ ಪಟ್ಟಿಯು ಲೋಕಕ್ಕೆಲ್ಲ ಪ್ರಕಟವಾಗಿರುವುದರಿಂದ ಒಂದು ತಂತ್ರಾಂಶವು ಅಳಿದರೂ ಇನ್ನೊಂದು ಅದೇ ಕಡತವನ್ನು ಓದಬಲ್ಲದು.

7. ಮುಂದಿನ ಕೆಲಸ

2024ರ ಸೆಪ್ಟೆಂಬರಿನಲ್ಲಿ ಹೊರಬಂದ ಯುನಿಕೋಡಿನ 16ನೆಯ ಆವೃತ್ತಿಯಲ್ಲಿ ತುಳು-ತಿಗಳಾರಿ ಲಿಪಿಗೆ 80 ಅಕ್ಷರಚಿಹ್ನೆಗಳು ಸೇರಿದುವು. ಬಂಟ್ವಾಳದ ಅಟ್ಟಗಳಲ್ಲಿಯೂ ಧರ್ಮಸ್ಥಳದ ಭಂಡಾರದಲ್ಲಿಯೂ ಇರುವ ಓಲೆಗಳನ್ನು ಅವುಗಳ ಸ್ವಂತ ಲಿಪಿಯಲ್ಲಿಯೇ ಗಣಕಕ್ಕೆ ಇಳಿಸುವ ದಾರಿಯು ಇದರಿಂದ ತೆರೆಯಿತು. ಆದರೆ ಸಂಖ್ಯೆಗಳು ನಿಯತವಾದ ಮಾತ್ರಕ್ಕೆ ಬರೆಹವು ನಡೆಯದು. ಫಾಂಟು ಬೇಕು, ಕೀಲಿಮಣೆ ಬೇಕು, ಒತ್ತಕ್ಷರಗಳನ್ನು ಕೂಡಿಸುವ ನಿಯಮವು ಸಂಪಾದಕಕ್ಕೆ ತಿಳಿದಿರಬೇಕು. ವಿಕ್ರಯಕ್ಕೆಂದೇ ತಂತ್ರಾಂಶವನ್ನು ಮಾಡುವವರು ಇಷ್ಟು ಅಲ್ಪಸಂಖ್ಯರ ಲಿಪಿಗಾಗಿ ಶ್ರಮಪಡುವರೆಂದು ನೆಚ್ಚಿ ಕೂರುವಂತಿಲ್ಲ. ಮೂಲಸಂಕೇತವು ತೆರೆದಿರುವ ಸಂಪಾದಕಗಳಲ್ಲಿ ಈ ಕೆಲಸವನ್ನು ಬಲ್ಲವರು ತಾವೇ ಮಾಡಬಹುದು. 2023ರ ಈಮ್ಯಾಕ್ಸ್ 29ನೆಯ ಆವೃತ್ತಿಯಲ್ಲಿ ಗ್ರಂಥ, ಶಾರದಾ, ಮೋಡಿ ಮೊದಲಾದ ಲಿಪಿಗಳಿಗೆ ಬರೆಯುವ ಅನುಕೂಲವು ಸೇರಿದುದು ಇಂತಹ ಪರಿಶ್ರಮದಿಂದಲೇ. ಗ್ರಂಥಲಿಪಿಯಾದರೋ ತಿಗಳಾರಿಗೆ ಸಮೀಪದ ಬಂಧು.

ಈ ಕೆಲಸಕ್ಕೆ ಎರಡು ವಿಧದ ಪಂಡಿತರು ಕೂಡಬೇಕು. ಓಲೆಯನ್ನು ಓದಬಲ್ಲ ವೃದ್ಧರಿಗೆ ಗಣಕವು ಒಗ್ಗದು. ಗಣಕವನ್ನು ಬಲ್ಲ ತರುಣರಿಗೆ ಓಲೆಯು ಅಪರಿಚಿತ. ಉಜಿರೆ, ಮೂಡುಬಿದಿರೆಗಳ ವಿದ್ಯಾಲಯಗಳಲ್ಲಿ ಗಣಕಶಾಸ್ತ್ರವನ್ನು ಕಲಿಯುವ ವಿದ್ಯಾರ್ಥಿಗಳು ಒಮ್ಮೆಯಾದರೂ ಒಂದು ಸಂಪಾದಕವನ್ನು ಮೂಲದಿಂದ ಕಟ್ಟಿ, ‘ನಮಸ್ಕಾರ’ದ ಒತ್ತು ಸರಿಯಾಗಿದೆಯೇ ಎಂದು ನೋಡಿದರೆ, ತಿಗಳಾರಿಯ ಒತ್ತನ್ನು ಕೂಡಿಸುವ ಧೈರ್ಯವು ಅವರಿಗೆ ತಾನಾಗಿಯೇ ಬರುವುದು. ಓಲೆಯುಳ್ಳ ಮನೆಗಳವರು ಅದನ್ನು ಹೊರತೆಗೆದು, ಚಿತ್ರವನ್ನು ತೆಗೆಯಲು ಅವಕಾಶವಿತ್ತು, ಓದಬಲ್ಲವರ ಮುಂದಿಟ್ಟರೆ ಅವರ ಪಾಲಿನ ಕರ್ತವ್ಯವು ಸಲ್ಲುವುದು. ಮೂಡುಬಿದಿರೆಯವರು ಮೂಲವನ್ನು ತೆರೆದು ತೋರಿಸಿದಾಗಲೇ ಒಂದು ಶಬ್ದದ ವಿವಾದವು ಮುಗಿಯಿತು. ಓದುವವರು ಇನ್ನೂ ಇರುವಾಗಲೇ ಉಳಿದ ಪೆಟ್ಟಿಗೆಗಳೂ ತೆರೆಯತಕ್ಕುದು.